ಆಕ್ಸ್‌ಫರ್ಡಿನ ಓಲ್ಡ್ ಪ್ಯಾಲೆಸ್

ಆಕ್ಸ್‌ಫರ್ಡಿನ ಸೇಂಟ್ ಆಲ್ಡೇಟ್ಸ್ ರಸ್ತೆ ಕ್ರೈಸ್ಟ್ ಚರ್ಚ್ ಕಾಲೇಜಿನ ದೊಡ್ಡ ಗೋಪುರವನ್ನು ದಾಟಿ ಥೇಮ್ಸ್ ನದಿಯ ಕಡೆಗೆ ಇಳಿಯುತ್ತದೆ. ಹಾಗೆ ಇಳಿಯುವಾಗ ಎದುರು ಬದಿಯಲ್ಲಿ, ರೋಸ್ ಪ್ಲೇಸ್ ಎಂಬ ಓಣಿಯ ಮೂಲೆಯಲ್ಲಿ ಒಂದು ಹಳೆಯ ಮನೆ ಸಿಗುತ್ತದೆ. ಹೆಸರು ಓಲ್ಡ್ ಪ್ಯಾಲೆಸ್. ಆಕ್ಸ್‌ಫರ್ಡಿನ ಮೊದಲ ಬಿಷಪ್ ರಾಬರ್ಟ್ ಕಿಂಗ್ ಅವರ ನೆನಪು ಈ ಮನೆಗೆ ಅಂಟಿಕೊಂಡಿದೆ. ಒಳಗಿನ ಚಾವಣಿಗಳಲ್ಲಿ 17ನೇ ಶತಮಾನದ ಗಾರೆ ಕೆತ್ತನೆ ಇನ್ನೂ ಉಳಿದಿದೆ. ವಿಶ್ವವಿದ್ಯಾಲಯದ ಕ್ಯಾಥೊಲಿಕ್ ವಿದ್ಯಾರ್ಥಿಗಳಿಗೆ ಇದು ಪೂಜೆಯ ಜಾಗ, ಹರಟೆಯ ಜಾಗ, ಮನಸ್ಸು ಕೆಟ್ಟಾಗ ಹೋಗಿ ಕೂರುವ ಜಾಗ. ಇವರ ಯೋಗಕ್ಷೇಮ ನೋಡಿಕೊಳ್ಳುವ ಧರ್ಮಗುರುವನ್ನು ಅಲ್ಲಿ ಚಾಪ್ಲೇನ್ ಎನ್ನುತ್ತಾರೆ, ಅವರ ಕೇಂದ್ರವನ್ನು ಚಾಪ್ಲೇನ್ಸಿ ಎನ್ನುತ್ತಾರೆ. ಇಂಥ ಕೇಂದ್ರಗಳು ಈಗ ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿವೆ. ಆದರೆ ಆಕ್ಸ್‌ಫರ್ಡಿನಲ್ಲಿ ಇಂಥದೊಂದು ತಲೆಯೆತ್ತಲು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಅಡ್ಡಿಯಾದವರಲ್ಲಿ ಕ್ಯಾಥೊಲಿಕ್ ಧರ್ಮಾಧ್ಯಕ್ಷರೂ ಇದ್ದರು.

ಮೊದಲ ಬೀಗ ಹಾಕಿದ್ದು ವಿಶ್ವವಿದ್ಯಾಲಯವೇ. 1581ರಿಂದ ಆಕ್ಸ್‌ಫರ್ಡ್ ಸೇರುವ ವಿದ್ಯಾರ್ಥಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ 39 ನಿಯಮಗಳನ್ನು ಒಪ್ಪಿ ರುಜು ಹಾಕಬೇಕಿತ್ತು. ಸೇಂಟ್ ಜಾನ್ಸ್ ಕಾಲೇಜಿನ ಹೆಸರಾಂತ ಪಂಡಿತನಾಗಿದ್ದು ಮುಂದೆ ಜೆಸ್ವಿಟ್ ಗುರುವಾದ ಎಡ್ಮಂಡ್ ಕ್ಯಾಂಪಿಯನ್‌ನನ್ನು ಲಂಡನ್ನಿನಲ್ಲಿ ಗಲ್ಲಿಗೇರಿಸಿದ್ದೂ ಅದೇ 1581ರಲ್ಲಿ. ರುಜುವಿನ ಈ ಕಟ್ಟಳೆ 1854ರ ಕಾಯಿದೆಯಿಂದ ಸಡಿಲವಾಯಿತು. 1871ರ ಇನ್ನೊಂದು ಕಾಯಿದೆ ಉಳಿದ ಪದವಿ, ಹುದ್ದೆಗಳ ಮೇಲಿದ್ದ ಅಡ್ಡಿಯನ್ನೂ ಬಹುಮಟ್ಟಿಗೆ ತೆಗೆದುಹಾಕಿತು. ಕಾನೂನು ಬಾಗಿಲು ತೆರೆಯುತ್ತಿದ್ದ ಹೊತ್ತಿಗೇ ಒಳಗಿನಿಂದ ಅಗುಳಿ ಹಾಕಿದವರು ಕ್ಯಾಥೊಲಿಕ್ ಸಭೆಯ ಹಿರಿಯರು.

ಈ ಕಥೆಯ ನಡುವೆ ನಿಂತವರು ಜಾನ್ ಹೆನ್ರಿ ನ್ಯೂಮನ್. 1801ರಲ್ಲಿ ಹುಟ್ಟಿದ ಅವರು ಹದಿನಾರನೇ ವಯಸ್ಸಿಗೆ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿಗೆ ಬಂದರು. ಓರಿಯಲ್ ಕಾಲೇಜಿನ ಫೆಲೋ ಆದರು. ವಿಶ್ವವಿದ್ಯಾಲಯದ ಚರ್ಚಾದ ಸೇಂಟ್ ಮೇರೀಸ್‌ನಲ್ಲಿ ಅವರ ಪ್ರಬೋಧನೆ ಕೇಳಲು ಯುವಕರು ಕಿಕ್ಕಿರಿದು ಸೇರುತ್ತಿದ್ದರು. 1845ರ ಅಕ್ಟೋಬರ್ 9ರಂದು, ಊರಾಚೆಯ ಲಿಟಲ್‌ಮೋರ್‌ನಲ್ಲಿ ಅವರು ಕ್ಯಾಥೊಲಿಕ್ ಸಭೆಯನ್ನು ಸೇರಿದರು. ಮರುವರ್ಷ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್ ಬಿಟ್ಟು ಹೊರಟರು. ಮೊದಲ ವರ್ಷದ ಕೋಣೆಯ ಎದುರು ಗೋಡೆಯಲ್ಲಿ ಬೆಳೆಯುತ್ತಿದ್ದ ಸ್ನಾಪ್‌ಡ್ರ್ಯಾಗನ್ ಗಿಡವನ್ನು ಅವರು ತಮ್ಮ ಆತ್ಮಕಥನದಲ್ಲಿ ನೆನೆಯುತ್ತಾರೆ. ಆ ಗಿಡದ ಹಾಗೆ ತಾನೂ ಸಾಯುವ ತನಕ ಇಲ್ಲೇ ಬೇರೂರಿ ಇರುತ್ತೇನೆ ಎಂದು ಅವರು ನಂಬಿದ್ದರು.

1864ರಲ್ಲಿ ಮರಳಿ ಹೋಗುವ ಅವಕಾಶ ಬಂತು. ಆಕ್ಸ್‌ಫರ್ಡ್ ಸೇರತೊಡಗಿದ್ದ ಬೆರಳೆಣಿಕೆಯ ಕ್ಯಾಥೊಲಿಕ್ ಹುಡುಗರಿಗೆ ಆಸರೆಯಾಗಿ ಅಲ್ಲೊಂದು ಚರ್ಚ್ ಕಟ್ಟುವಂತೆ ಬರ್ಮಿಂಗ್‌ಹ್ಯಾಮಿನ ಧರ್ಮಾಧ್ಯಕ್ಷ ಅಲಥಾರ್ನ್ ಕೇಳಿಕೊಂಡರು. ನ್ಯೂಮನ್ ಬರ್ಮಿಂಗ್‌ಹ್ಯಾಮಿನಲ್ಲಿ ಒರೇಟರಿ ಎಂಬ ಗುರುಗಳ ಸಮುದಾಯವನ್ನು ಕಟ್ಟಿ ನಡೆಸುತ್ತಿದ್ದರು. ಅದರದೊಂದು ಶಾಖೆಗಾಗಿ ಆಕ್ಸ್‌ಫರ್ಡಿನಲ್ಲಿ ಐದು ಎಕರೆ ಜಮೀನನ್ನೂ ಕೊಂಡರು. ಆದರೆ ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಇದನ್ನು ಒಪ್ಪಲಿಲ್ಲ. ಅವರೂ ಆಕ್ಸ್‌ಫರ್ಡಿನಲ್ಲಿ ಓದಿದವರು, ನ್ಯೂಮನ್ ಅವರ ಹಾಗೆಯೇ ಆಂಗ್ಲಿಕನ್ ಚರ್ಚಿನಿಂದ ಬಂದವರು, 1865ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಮಹಾಧರ್ಮಾಧ್ಯಕ್ಷರಾದವರು. ನ್ಯೂಮನ್ ಅಲ್ಲಿ ನೆಲೆಸಿದರೆ ಕ್ಯಾಥೊಲಿಕ್ ಮನೆತನಗಳೆಲ್ಲ ಮಕ್ಕಳನ್ನು ಆಕ್ಸ್‌ಫರ್ಡಿಗೆ ಕಳಿಸುತ್ತವೆ, ಅಲ್ಲಿನ ಗಾಳಿಯಲ್ಲಿ ಮಕ್ಕಳ ನಂಬಿಕೆ ಹಾಳಾಗುತ್ತದೆ ಎಂಬುದು ಅವರ ಭಯ. ಜಮೀನನ್ನು ಮಾರಬೇಕಾಯಿತು. ಎರಡನೇ ಸಲ ಯತ್ನ ನಡೆದಾಗ ನ್ಯೂಮನ್ ಸ್ವತಃ ಅಲ್ಲಿ ವಾಸಿಸಕೂಡದೆಂದು ರೋಮ್ ಸೂಚಿಸಿತು. 1867ರಲ್ಲಿ, ಕ್ಯಾಥೊಲಿಕ್ ತಂದೆತಾಯಂದಿರು ಮಕ್ಕಳನ್ನು ಇಂಥ ವಿಶ್ವವಿದ್ಯಾಲಯಗಳಿಗೆ ಕಳಿಸದಂತೆ ತಿಳಿಹೇಳಬೇಕೆಂದು ಧರ್ಮಾಧ್ಯಕ್ಷರಿಗೆ ಅಪ್ಪಣೆಯಾಯಿತು. ಬದಲಿಗೆ ಮ್ಯಾನಿಂಗ್ 1870ರ ದಶಕದಲ್ಲಿ ಲಂಡನ್ನಿನ ಕೆನ್ಸಿಂಗ್‌ಟನ್‌ನಲ್ಲಿ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯ ಕಾಲೇಜು ತೆರೆದರು. ಅದು ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು.

ಮ್ಯಾನಿಂಗ್ ಅವರ ಭಯ ಸುಳ್ಳಾಗಿರಲಿಲ್ಲ. ಆ ಕಾಲದ ಆಕ್ಸ್‌ಫರ್ಡಿನಲ್ಲಿ ನಾಸ್ತಿಕವಾದವೂ ಉದಾರವಾದವೂ ಜೋರಾಗಿದ್ದವು. ಆದರೆ ಅವರು ಕಂಡುಕೊಂಡ ಪರಿಹಾರ ಹುಡುಗರನ್ನು ಮನೆಯಲ್ಲೇ ಉಳಿಸಿಕೊಳ್ಳುವುದು. ಹುಡುಗರು ಹೇಗಿದ್ದರೂ ಹೋಗುತ್ತಾರೆ, ಹೋದಲ್ಲಿ ಅವರ ಜೊತೆ ಒಬ್ಬರು ಇರಬೇಕು ಎಂಬುದು ನ್ಯೂಮನ್ ಕಂಡುಕೊಂಡಿದ್ದು. ಇವರಲ್ಲಿ ಯಾರು ಸರಿ ಎಂಬ ಪ್ರಶ್ನೆಗೆ ವಿದ್ಯಾರ್ಥಿಗಳೇ ಉತ್ತರ ಕೊಟ್ಟರು.

ಅಪ್ಪಣೆ ಏನೇ ಇದ್ದರೂ ಕೆಲವರು ಬಂದೇ ಬಂದರು. 1875ರಲ್ಲಿ ಜೆಸ್ವಿಟರು ವುಡ್‌ಸ್ಟಾಕ್ ರಸ್ತೆಯಲ್ಲಿ ಸಂತ ಅಲೋಶಿಯಸರ ಹೆಸರಿನ ಚರ್ಚನ್ನು ತೆರೆದರು. ಯುವಜನರ ಪಾಲಕರಾದ ಈ ಸಂತರು ನಮ್ಮ ಮಂಗಳೂರಿಗರಿಗೆ ತೀರಾ ಹತ್ತಿರದವರು. 1880ರಲ್ಲಿ ಮಂಗಳೂರಿನಲ್ಲಿ ಜೆಸ್ವಿಟರು ಶುರುಮಾಡಿದ ಕಾಲೇಜಿಗೂ ಇವರದೇ ಹೆಸರು. ಆಕ್ಸ್‌ಫರ್ಡಿನ ಆ ಚರ್ಚಿಗೆ 1878ರ ಕೊನೆಯಲ್ಲಿ ಸಹಾಯಕ ಗುರುವಾಗಿ ಬಂದವರು ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್. ಬೇಲಿಯಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1866ರಲ್ಲಿ, ಅವರನ್ನು ಕ್ಯಾಥೊಲಿಕ್ ಸಭೆಗೆ ಸೇರಿಸಿಕೊಂಡಿದ್ದು ನ್ಯೂಮನ್. ಇಂಗ್ಲಿಷ್ ಕಾವ್ಯದ ಲಯವನ್ನೇ ಬದಲಿಸಿದ ಈ ಕವಿಯನ್ನು ಆಗ ಊರಿನಲ್ಲಿ ಕೌಲಿಯ ಸೈನಿಕರ ಬ್ಯಾರಕ್ಕಿಗೆ ಹೋಗಿಬರುವ ಸಣ್ಣ ಆಕಾರದ ಪಾದ್ರಿಯಾಗಿ ಮಾತ್ರ ಬಲ್ಲವರಿದ್ದರು. ಬಿನ್ಸಿಯ ಪಾಪ್ಲರ್ ಮರಗಳನ್ನು ಕಡಿದುಹಾಕಿದ್ದನ್ನು ಕಂಡು ನೊಂದು ಅವರು ಬರೆದ ಕವಿತೆ 1879ರ ಈ ಆಕ್ಸ್‌ಫರ್ಡ್ ವಾಸದ್ದೇ.

ಅದೇ 1878ರಲ್ಲಿ ವಿದ್ಯಾರ್ಥಿಗಳು ಒಂದು ಕ್ಯಾಥೊಲಿಕ್ ಕ್ಲಬ್ ಕಟ್ಟಿಕೊಂಡರು. ಹತ್ತು ವರ್ಷದ ನಂತರ ಅದು ನ್ಯೂಮನ್ ಸೊಸೈಟಿ ಎಂದು ಹೆಸರು ಬದಲಿಸಿಕೊಂಡಿತು. ಇಂದಿಗೂ ಅದು ಇದೆ. ಚಾಪ್ಲೇನ್ ಬರುವ ಮುಂಚೆಯೇ ವಿದ್ಯಾರ್ಥಿಗಳು ಒಂದುಗೂಡಿದ್ದರು ಎಂಬುದು ಗಮನಿಸಬೇಕಾದ ಮಾತು. ಅಟ್ಲಾಂಟಿಕ್‌ನ ಆಚೆಗೂ ಹೀಗೆಯೇ ನಡೆಯಿತು. 1893ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಮೊದಲ ನ್ಯೂಮನ್ ಕ್ಲಬ್ ಕಟ್ಟಿದವನು ಟಿಮೊಥಿ ಹ್ಯಾರಿಂಗ್‌ಟನ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಅಮೆರಿಕದ ನೂರಾರು ಕ್ಯಾಂಪಸ್‌ಗಳಲ್ಲಿ ಈಗ ಕಾಣುವ ನ್ಯೂಮನ್ ಸೆಂಟರ್‌ಗಳ ಬೇರು ಅಲ್ಲಿದೆ.

ಇದಕ್ಕೆ ಮುಂಚೆಯೇ ನ್ಯೂಮನ್ ಅವರಿಗೂ ಆಕ್ಸ್‌ಫರ್ಡಿನ ಬಾಗಿಲು ತೆರೆದಿತ್ತು. ಟ್ರಿನಿಟಿ ಕಾಲೇಜು ಅವರನ್ನು ತನ್ನ ಮೊದಲ ಗೌರವ ಫೆಲೋ ಎಂದು ಆರಿಸಿತು. 1878ರ ಫೆಬ್ರವರಿಯಲ್ಲಿ, ಮೂವತ್ತೆರಡು ವರ್ಷಗಳ ನಂತರ, ಎಪ್ಪತ್ತೇಳರ ಹೊಸ್ತಿಲಲ್ಲಿದ್ದ ಮುದುಕ ತಮ್ಮ ಕಾಲೇಜಿಗೆ ಮರಳಿದರು. ಮರುವರ್ಷ ಪೋಪ್ ಹದಿಮೂರನೇ ಲಿಯೊ ಅವರನ್ನು ಕಾರ್ಡಿನಲ್ ಮಾಡಿದರು. 1890ರಲ್ಲಿ ನ್ಯೂಮನ್, 1892ರಲ್ಲಿ ಮ್ಯಾನಿಂಗ್ ತೀರಿಕೊಂಡರು.

1895ರಲ್ಲಿ ರೋಮ್ ಕೊನೆಗೂ ಒಪ್ಪಿತು. ಕ್ಯಾಥೊಲಿಕರು ಆಕ್ಸ್‌ಫರ್ಡಿಗೂ ಕೇಂಬ್ರಿಜ್‌ಗೂ ಹೋಗಬಹುದು, ಆದರೆ ಅವರಿಗಾಗಿ ಕ್ಯಾಥೊಲಿಕ್ ಪಂಡಿತರಿಂದ ಧರ್ಮ, ತತ್ತ್ವಶಾಸ್ತ್ರ, ಇತಿಹಾಸಗಳ ಮೇಲೆ ತಪ್ಪದೆ ಉಪನ್ಯಾಸ ನಡೆಯಬೇಕು ಎಂಬ ಷರತ್ತಿನ ಮೇಲೆ. ಮರುವರ್ಷ ಚಾಪ್ಲೇನ್ ನೇಮಕವಾಯಿತು. ಭಯದಿಂದ ಹುಟ್ಟಿದ ಈ ಷರತ್ತೇ ಮುಂದೆ ಚಾಪ್ಲೇನ್ಸಿಯ ದೊಡ್ಡ ಆಸ್ತಿಯಾಯಿತು. ಅದನ್ನು ಆಸ್ತಿ ಮಾಡಿದವರು ರೊನಾಲ್ಡ್ ನಾಕ್ಸ್.

ನಾಕ್ಸ್ ಅವರ ತಂದೆ ಮ್ಯಾಂಚೆಸ್ಟರಿನ ಆಂಗ್ಲಿಕನ್ ಬಿಷಪ್. ಮಗ, ನ್ಯೂಮನ್ ಓದಿದ ಟ್ರಿನಿಟಿಯಲ್ಲೇ ಆಂಗ್ಲಿಕನ್ ಚಾಪ್ಲೇನ್ ಆಗಿದ್ದು, 1917ರಲ್ಲಿ ಕ್ಯಾಥೊಲಿಕ್ ಆದರು, ಎರಡು ವರ್ಷದಲ್ಲಿ ಗುರುವಾದರು. 1926ರ ಜನವರಿಯಲ್ಲಿ ಬಿಬಿಸಿ ರೇಡಿಯೊದಲ್ಲಿ ಲಂಡನ್ನಿನಲ್ಲಿ ದಂಗೆಯೆದ್ದಿದೆ, ಬಿಗ್ ಬೆನ್ ಉರುಳಿದೆ ಎಂಬ ಅಣಕು ಸುದ್ದಿ ಓದಿ ಕೇಳುಗರನ್ನು ಗಾಬರಿಗೊಳಿಸಿದ್ದೂ ಇವರೇ. ಆರ್ಸನ್ ವೆಲ್ಸ್ ರೇಡಿಯೊ ನಾಟಕದಲ್ಲಿ ಅಮೆರಿಕಕ್ಕೆ ಮಂಗಳ ಗ್ರಹದವರನ್ನು ಇಳಿಸಿದ್ದು ಇದಾಗಿ ಹನ್ನೆರಡು ವರ್ಷಕ್ಕೆ. ಅದೇ 1926ರಲ್ಲಿ ನಾಕ್ಸ್ ಆಕ್ಸ್‌ಫರ್ಡಿನ ಕ್ಯಾಥೊಲಿಕ್ ಚಾಪ್ಲೇನ್ ಆಗಿ ಓಲ್ಡ್ ಪ್ಯಾಲೆಸ್ ಸೇರಿದರು. 1939ರ ತನಕ ಅಲ್ಲೇ ಇದ್ದರು.

ಚಾಪ್ಲೇನ್ಸಿಯ ಕೈಯಲ್ಲಿ ಹಣ ಕಡಿಮೆ. ನಾಕ್ಸ್ ಪತ್ತೇದಾರಿ ಕಾದಂಬರಿ ಬರೆದು ಆ ಕೊರತೆ ತುಂಬಿಕೊಂಡರು. ಇಂಥ ಕಾದಂಬರಿಕಾರರು ಪಾಲಿಸಬೇಕಾದ ಹತ್ತು ಕಟ್ಟಳೆಗಳನ್ನು 1929ರಲ್ಲಿ ಪಟ್ಟಿಮಾಡಿದವರೂ ಅವರೇ. ರಹಸ್ಯದ ಸುಳಿವನ್ನು ಓದುಗರಿಂದ ಮುಚ್ಚಿಡಬಾರದು ಎಂಬುದು ಆ ಕಟ್ಟಳೆಗಳ ಜೀವಾಳ. ಭಾನುವಾರದ ಉಪನ್ಯಾಸಕ್ಕೂ ಅವರು ಇದೇ ಶಿಸ್ತು ತಂದರು. ಪ್ರತಿ ಮಾತನ್ನೂ ಮೊದಲೇ ಬರೆದುಕೊಂಡು ಬಂದು, ಬಲಿಪೂಜೆಗೆ ಸೇರಿದ ಹುಡುಗರ ಮುಂದೆ ಓದುತ್ತಿದ್ದರು. ದೇವರಿದ್ದಾನೆ ಎನ್ನಲು ಏನು ಆಧಾರ, ಪವಾಡಗಳನ್ನು ನಂಬಬೇಕೇ, ನರಕ ಎನ್ನುವುದು ನ್ಯಾಯವೇ? ಕಾಲೇಜಿನ ಊಟದ ಮೇಜಿನಲ್ಲಿ ಗೆಳೆಯರು ಎತ್ತುವ ಈ ಪ್ರಶ್ನೆಗಳನ್ನು ಅವರು ಮರೆಮಾಚದೆ ಎದುರಿಟ್ಟು ಬಿಡಿಸುತ್ತಿದ್ದರು. ಧ್ವನಿ ಏರಿಸುವ ಉಪದೇಶಕರಲ್ಲ ಅವರು. ಈ ಮಾತುಗಳು 1942ರಲ್ಲಿ ‘ಇನ್ ಸಾಫ್ಟ್ ಗಾರ್ಮೆಂಟ್ಸ್’ ಎಂಬ ಪುಸ್ತಕವಾಗಿ ಬಂದವು. ಆಕ್ಸ್‌ಫರ್ಡ್ ಬಿಟ್ಟ ಮೇಲೆ ನಾಕ್ಸ್ ಇಡೀ ಬೈಬಲನ್ನು ಒಬ್ಬರೇ ಕೂತು ಇಂಗ್ಲಿಷಿಗೆ ತಂದರು. 1957ರಲ್ಲಿ, ಸಾವಿಗೆ ಎರಡು ತಿಂಗಳು ಮುಂಚೆ, ಆಕ್ಸ್‌ಫರ್ಡಿನ ರೊಮಾನಿಸ್ ಉಪನ್ಯಾಸ ಕೊಟ್ಟಾಗ ಅವರು ಆರಿಸಿಕೊಂಡ ವಿಷಯವೂ ಅನುವಾದವೇ.

ಆದರೆ ನಾಕ್ಸ್ ಅವರ ಮನೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಅದು ಗಂಡುಹುಡುಗರ ಮನೆ. 1920ರಿಂದಲೇ ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಪದವಿ ಕೊಡುತ್ತಿದ್ದರೂ ವಿದ್ಯಾರ್ಥಿನಿಯರ ಹೊಣೆ ಅವರದಾಗಿರಲಿಲ್ಲ, ಅವರು ಅದನ್ನು ಬಯಸಲೂ ಇಲ್ಲ. ಇದರಿಂದ ಮನೆಗೇ ನಷ್ಟ. ಸೇಂಟ್ ಹ್ಯೂಸ್ ಕಾಲೇಜಿನ ಎಲಿಜಬೆತ್ ಆನ್ಸ್‌ಕಂಬ್ 1938ರಲ್ಲಿ ಕ್ಯಾಥೊಲಿಕ್ ಆದಾಗ ಆಕೆಗೆ ಧರ್ಮಪಾಠ ಹೇಳಿದ್ದು ಬ್ಲ್ಯಾಕ್‌ಫ್ರೈಯರ್ಸ್ ಮಠದ ಡೊಮಿನಿಕನ್ ಗುರು. 1538ರಲ್ಲಿ ಊರು ಬಿಡಬೇಕಾದ ಡೊಮಿನಿಕನರು 1921ರಲ್ಲಿ ಮತ್ತೆ ಬಂದು ಕಟ್ಟಿದ ಮಠವದು. ವಿಟ್‌ಗೆನ್‌ಸ್ಟೈನ್ ಅವರ ಶಿಷ್ಯೆಯಾಗಿ, ಅನುವಾದಕಿಯಾಗಿ ಆಕೆ ಆ ಶತಮಾನದ ದೊಡ್ಡ ತತ್ತ್ವಜ್ಞಾನಿಗಳಲ್ಲಿ ಒಬ್ಬರಾದರು. 1956ರಲ್ಲಿ ಆಕ್ಸ್‌ಫರ್ಡ್ ಅಮೆರಿಕದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ಗೌರವ ಪದವಿ ಕೊಡಲು ಹೊರಟಾಗ, ಹಿರೋಷಿಮಾ, ನಾಗಸಾಕಿಗಳ ಹೆಸರು ಹೇಳಿ ಎದ್ದು ನಿಂತು ವಿರೋಧಿಸಿದ್ದೂ ಆಕೆಯೇ. ಚಾಪ್ಲೇನ್ಸಿ ಮುಂದೆ ಎಲ್ಲರದ್ದಾಯಿತು. 1959ರಿಂದ 1970ರವರೆಗೆ ಚಾಪ್ಲೇನ್ ಆಗಿದ್ದ ಮೈಕೇಲ್ ಹಾಲಿಂಗ್ಸ್ ಕಾಲದಲ್ಲಿ ಓಲ್ಡ್ ಪ್ಯಾಲೆಸ್‌ನ ಬಾಗಿಲಿಗೆ ಬೀಗವೇ ಬೀಳುತ್ತಿರಲಿಲ್ಲ. ಅಲ್ಲಿಂದ ಅವರು ಹೋದದ್ದು ಭಾರತೀಯರು ನೆಲೆಸಿದ್ದ ಲಂಡನ್ನಿನ ಸೌತಾಲ್‌ಗೆ. ಹಳೆಯ ಮನೆಯ ಪಕ್ಕದಲ್ಲಿ 1970ರ ದಶಕದಲ್ಲಿ ನ್ಯೂಮನ್ ರೂಮ್ಸ್ ಎಂಬ ಹೊಸ ಕಟ್ಟಡವೂ ಎದ್ದಿತು.

ನ್ಯೂಮನ್ ಅವರಿಗೆ ದಕ್ಕದ ಒರೇಟರಿಯ ಕಥೆ ಬೇರೆ ದಾರಿಯಿಂದ ಮುಂದುವರಿಯಿತು. ಮುಂದೆ ಲೇಖಕರಾಗಿ ಹೆಸರಾದ ಜೆ. ಆರ್. ಆರ್. ಟೋಲ್ಕಿನ್ 1911ರಲ್ಲಿ ಎಕ್ಸೆಟರ್ ಕಾಲೇಜಿಗೆ ಬಂದಾಗ, ತಂದೆತಾಯಿ ಇಲ್ಲದ ಆ ಹುಡುಗನ ಪಾಲಕರಾಗಿದ್ದವರು ಬರ್ಮಿಂಗ್‌ಹ್ಯಾಮ್ ಒರೇಟರಿಯ ಫ್ರಾನ್ಸಿಸ್ ಮಾರ್ಗನ್. ಅವರು ನ್ಯೂಮನ್ ಕೈಕೆಳಗೆ ಪಳಗಿದ ಗುರು. 1981ರಲ್ಲಿ ಜೆಸ್ವಿಟರು ಸಂತ ಅಲೋಶಿಯಸ್ ಚರ್ಚನ್ನು ಬಿಟ್ಟುಕೊಟ್ಟರು. 1990ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಒರೇಟರಿಯ ಗುರುಗಳು ಅಲ್ಲಿಗೆ ಬಂದರು. 1993ರಲ್ಲಿ ಆಕ್ಸ್‌ಫರ್ಡ್ ಒರೇಟರಿ ಸ್ವತಂತ್ರ ಸಮುದಾಯವಾಯಿತು. ನ್ಯೂಮನ್ ಜಮೀನು ಕೊಂಡಾಗಿನಿಂದ ಲೆಕ್ಕ ಹಾಕಿದರೆ 129 ವರ್ಷ.

2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ನ್ಯೂಮನ್ ಅವರನ್ನು ಸಂತರೆಂದು ಘೋಷಿಸಿದರು. ಅದೇ ಪೂಜೆಯಲ್ಲಿ ಕೇರಳದ ಮರಿಯಂ ತ್ರೇಸ್ಯಾ ಅವರೂ ಸಂತ ಪದವಿಗೇರಿದ್ದರಿಂದ ಭಾರತದ ಕ್ಯಾಥೊಲಿಕರು ಆ ದಿನವನ್ನು ಚೆನ್ನಾಗಿ ಬಲ್ಲರು. ನ್ಯೂಮನ್ ಅವರ ಹಬ್ಬಕ್ಕೆ ಸಭೆ ಆರಿಸಿಕೊಂಡ ದಿನ ಅಕ್ಟೋಬರ್ 9, ಅವರು ಲಿಟಲ್‌ಮೋರ್‌ನಲ್ಲಿ ಕ್ಯಾಥೊಲಿಕ್ ಆದ ದಿನ. ಆಕ್ಸ್‌ಫರ್ಡಿನಲ್ಲಿ ಹೊಸ ಶೈಕ್ಷಣಿಕ ವರ್ಷ ಆರಂಭವಾಗಿ, ಹೊಸ ವಿದ್ಯಾರ್ಥಿಗಳು ಊರಿನ ಓಣಿಗಳ ಗುರುತು ಹಚ್ಚಿಕೊಳ್ಳುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ.