ಮಲಗಿದ ಮುಳ್ಳು, ಓಡುವ ಲಾರಿ

ಇಪ್ಪತ್ತು ವರ್ಷ ದಾಟಿದ ಲಾರಿಯ ಕೀ ತಿರುಗಿಸಿದಾಗ ಮೀಟರ್ ಬೋರ್ಡಿನ ಮುಳ್ಳುಗಳಲ್ಲಿ ಅರ್ಧದಷ್ಟು ಮಲಗಿದಲ್ಲೇ ಇರುವುದು ಸಾಮಾನ್ಯ. ಸ್ಪೀಡೋಮೀಟರ್ ಯಾವ ಕಾಲದಲ್ಲೋ ನಿಂತುಹೋಗಿರುತ್ತದೆ. ಟ್ಯಾಂಕ್ ತುಂಬಿದ್ದರೂ ಡೀಸೆಲ್ ಮುಳ್ಳು ಖಾಲಿ ಎನ್ನುತ್ತದೆ. ಹಳಬ ಚಾಲಕರು ಇದಕ್ಕೆಲ್ಲ ಒಗ್ಗಿಕೊಂಡವರು. ಟ್ಯಾಂಕಿಗೆ ಕಡ್ಡಿ ಇಳಿಸಿ ಡೀಸೆಲ್ ಅಳೆಯುತ್ತಾರೆ, ಎಂಜಿನ್ ಸದ್ದು ಕೇಳಿ ವೇಗ ಹೇಳುತ್ತಾರೆ, ಬ್ರೇಕ್ ಪೆಡಲ್ ಮೇಲಿಟ್ಟ ಪಾದದಿಂದಲೇ ಏರ್ ಬ್ರೇಕಿನಲ್ಲಿ ಗಾಳಿ ಎಷ್ಟಿದೆ ಎಂದು ತಿಳಿಯುತ್ತಾರೆ. ಈ ಜಾಣ್ಮೆ ಸಣ್ಣದಲ್ಲ. ಆದರೆ ಪಾದಕ್ಕೆ ತಿಳಿಯುವ ಹೊತ್ತಿಗೆ ಗಾಳಿ ಇಳಿದಾಗಿರುತ್ತದೆ.

ಕೆಟ್ಟ ಬೋರ್ಡನ್ನು ಹಾಗೇ ಬಿಟ್ಟು ಓಡಿಸುವವರಲ್ಲಿ ಹೆಚ್ಚಿನವರಿಗೆ ಅದರ ಒಳಗೆ ಏನಿದೆ ಎಂಬುದೇ ಗೊತ್ತಿರುವುದಿಲ್ಲ. ಗೊತ್ತಾದರೆ ಅಂಜಿಕೆ ಹೋಗುತ್ತದೆ. ಟಾಟಾ 1210, 1613 ಅಥವಾ ಲೇಲ್ಯಾಂಡ್ ಕಾಮೆಟ್ ಕಾಲದ ಲಾರಿಗಳಲ್ಲಿ ಪ್ರತಿ ಮುಳ್ಳಿಗೂ ಅದರದೇ ದಾರಿ. ಒಂದಕ್ಕೆ ಕೇಬಲ್, ಇನ್ನೊಂದಕ್ಕೆ ಪೈಪು, ಮತ್ತೊಂದಕ್ಕೆ ಒಂಟಿ ವೈರು. ಟಾಟಾದ ಟೆಲ್ಕೊ ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. ಒಪ್ಪಂದ 1969ಕ್ಕೆ ಮುಗಿದರೂ ಆ ಕಾಲದ ಸರಳ ರಚನೆ ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಉಳಿಯಿತು. ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಒಂದೆರಡು ಸ್ಪ್ಯಾನರ್ ಇದ್ದರೆ ಅದರ ದೋಷ ಹುಡುಕಬಹುದು.

ಸ್ಪೀಡೋಮೀಟರಿನ ತಂತ್ರ ಶತಮಾನಕ್ಕಿಂತ ಹಳೆಯದು. ಸ್ಟ್ರಾಸ್‌ಬರ್ಗಿನ ಒಟ್ಟೊ ಶುಲ್ಜೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಸುತ್ತುವರಿದ ಅಲ್ಯೂಮಿನಿಯಂ ಬಟ್ಟಲು ಎಲ್ಲೂ ತಾಗದೆಯೇ ಅದರ ಸೆಳೆತಕ್ಕೆ ಸಿಕ್ಕಿ ತಿರುಗಲು ಹೊರಡುತ್ತದೆ; ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಈ ಜಗ್ಗಾಟ ಸಮಕ್ಕೆ ಬಂದಲ್ಲಿ ಮುಳ್ಳು ನಿಲ್ಲುತ್ತದೆ. ಕಿಲೋಮೀಟರ್ ಎಣಿಸುವ ಅಂಕಿಚಕ್ರಗಳನ್ನು ಅದೇ ಕೇಬಲ್ ಹಲ್ಲುಚಕ್ರಗಳ ಮೂಲಕ ನೇರವಾಗಿ ತಿರುಗಿಸುತ್ತದೆ.

ಇಷ್ಟು ಗೊತ್ತಿದ್ದರೆ ಬೋರ್ಡ್ ಬಿಚ್ಚುವ ಮೊದಲೇ ದೋಷ ಎಲ್ಲಿದೆ ಎಂದು ಹೇಳಬಹುದು. ಮುಳ್ಳು, ಕಿಲೋಮೀಟರ್ ಎರಡೂ ನಿಂತಿದ್ದರೆ ಕೇಬಲ್ ಕಟ್ಟಾಗಿದೆ, ಇಲ್ಲವೇ ಗೇರ್‌ಬಾಕ್ಸ್ ಬದಿಯ ಹಲ್ಲು ಸವೆದಿದೆ. ಕಿಲೋಮೀಟರ್ ಏರುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಬಟ್ಟಲು ಅಥವಾ ಸ್ಪ್ರಿಂಗಿನ ತೊಂದರೆ. ಮುಳ್ಳು ಸರಿಯಾಗಿದ್ದು ಅಂಕಿಗಳು ನಿಂತಿದ್ದರೆ ಒಳಗಿನ ಸಣ್ಣ ಹಲ್ಲುಚಕ್ರವೊಂದು ಮುರಿದಿದೆ. ಮುಳ್ಳು ನಡುಗುತ್ತಿದ್ದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಚೂಪಾಗಿ ಬಾಗಿದೆ. ಕೇಬಲಿಗೆ ಗ್ರೀಸ್ ಹಚ್ಚುವಾಗ ಕೆಳಗಿನ ಮುಕ್ಕಾಲು ಪಾಲಿಗೆ ತೆಳುವಾಗಿ ಹಚ್ಚಿ ನಿಲ್ಲಿಸಬೇಕು. ಎಣ್ಣೆ ಸುರಿದರೆ ತಿರುಗುವ ಕೇಬಲಿನ ಸುರುಳಿಯೇ ಅದನ್ನು ಮೇಲಕ್ಕೆತ್ತಿ ಮೀಟರಿನೊಳಗೆ ತುಂಬುತ್ತದೆ. ನಿಂತ ಮೀಟರನ್ನು ಸರಿಮಾಡಲು ಹೋಗಿ ಪೂರ್ತಿ ಕೊಂದವರು ಹೆಚ್ಚಾಗಿ ಈ ಎಣ್ಣೆ ಸುರಿದವರೇ.

ಗುಜರಿಯಿಂದ ಇನ್ನೊಂದು ಮೀಟರ್ ತಂದು ಕೂರಿಸುವವರು ಅದರ ಮುಖದ ಮೇಲಿನ ಸಣ್ಣ ಅಂಕಿಯನ್ನು ನೋಡಲೇಬೇಕು. ನಿಗದಿತ ದೂರಕ್ಕೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಅದು ಹೇಳುತ್ತದೆ. ವಿಡಿಒ ಕಂಪನಿಯ ಮೀಟರುಗಳಲ್ಲಿ ಡಬ್ಲ್ಯೂ ಅಕ್ಷರದ ಪಕ್ಕದಲ್ಲಿರುತ್ತದೆ. ಆ ಅಂಕಿ ಬೇರೆಯಾದರೆ ಹೊಸ ಮೀಟರೂ ಸುಳ್ಳೇ ಹೇಳುತ್ತದೆ. ಟೈರಿನದೂ ಇದೇ ಕಥೆ. 9.00-20 ಇದ್ದಲ್ಲಿ 10.00-20 ಹಾಕಿದರೆ ಚಕ್ರದ ಸುತ್ತಳತೆ ಶೇಕಡಾ ಮೂರರಿಂದ ನಾಲ್ಕರಷ್ಟು ಹೆಚ್ಚುತ್ತದೆ. ಮೀಟರ್ 100 ಕಿ.ಮೀ. ತೋರಿಸಿದಾಗ ಲಾರಿ 103ಕ್ಕೂ ಹೆಚ್ಚು ಓಡಿರುತ್ತದೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಡುವ ಗಾಡಿಯಲ್ಲಿ ಮಾಲೀಕರೂ ಚಾಲಕರೂ ಡೀಸೆಲ್ ಲೆಕ್ಕಕ್ಕೆ ಜಗಳಕ್ಕಿಳಿಯಲು ಇಷ್ಟು ಸಾಕು. ಕಿಲೋಮೀಟರ್ ಅಂಕಿ ಸರಿ ಇಲ್ಲದ ಲಾರಿಯಲ್ಲಿ ಪ್ರಾಮಾಣಿಕ ಚಾಲಕನ ಮೇಲೂ ಅನುಮಾನ ಬೀಳುತ್ತದೆ. ಮೀಟರ್ ರಿಪೇರಿ ಮಾಡಿಸಲು ಇದೊಂದೇ ಕಾರಣ ಸಾಲದೇ?

ಡೀಸೆಲ್ ಮತ್ತು ಬಿಸಿ ತೋರಿಸುವ ಮುಳ್ಳುಗಳ ಕೆಲಸ ಬೇರೆ ಬಗೆಯದು. ಟ್ಯಾಂಕಿನಲ್ಲಿ ತೇಲುವ ಫ್ಲೋಟ್ ಮೇಲೆ ಕೆಳಗೆ ಆದಂತೆ ವಿದ್ಯುತ್ತಿಗೆ ಇರುವ ತಡೆ ಬದಲಾಗುತ್ತದೆ. ಎಂಜಿನ್ ನೀರಿನಲ್ಲಿ ಮುಳುಗಿದ ಸೆನ್ಸರಿನ ತಡೆ ಬಿಸಿ ಏರಿದಂತೆ ಕಡಿಮೆಯಾಗುತ್ತದೆ. ಹಳೆಯ ಗೇಜುಗಳಲ್ಲಿ ಎರಡು ಲೋಹ ಬೆಸೆದ ಪಟ್ಟಿಯೊಂದರ ಮೇಲೆ ಸಣ್ಣ ತಂತಿ ಸುತ್ತಿರುತ್ತದೆ. ವಿದ್ಯುತ್ ಹರಿದು ತಂತಿ ಕಾದಂತೆ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಈ ಮುಳ್ಳು ನಿಧಾನವಾಗಿ ಏಳುವುದು ದೋಷವಲ್ಲ, ಗುಂಡಿ ಬಿದ್ದ ರಸ್ತೆಯಲ್ಲಿ ಅದು ಕುಣಿಯದಿರುವುದೂ ಈ ನಿಧಾನದಿಂದಲೇ. ಇಂಥ ಗೇಜಿಗೆ ಏರಿಳಿತವಿಲ್ಲದ ವೋಲ್ಟೇಜ್ ಬೇಕು. ಅದಕ್ಕೆಂದೇ ಬೋರ್ಡಿನ ಹಿಂದೆ ಬೆಂಕಿಪೊಟ್ಟಣದಷ್ಟು ಚಿಕ್ಕ ಸ್ಟೆಬಿಲೈಜರ್ ಇರುತ್ತದೆ. ಬ್ರಿಟನ್ನಿನ ಸ್ಮಿತ್ಸ್ ಗೇಜುಗಳಿಗೆ ಅದು ಸರಾಸರಿ 10 ವೋಲ್ಟ್ ಕೊಟ್ಟರೆ, ಅಮೆರಿಕದ ಹಳೆಯ ಫೋರ್ಡ್ ಪಿಕಪ್‌ಗಳಲ್ಲಿ 5 ವೋಲ್ಟ್. ಡೀಸೆಲ್, ಬಿಸಿ ಎರಡೂ ಒಟ್ಟಿಗೆ ಅತಿಯಾಗಿ ತೋರಿಸಿದರೆ ಅಥವಾ ಒಟ್ಟಿಗೆ ಮಲಗಿದರೆ ಗೇಜನ್ನು ಬೈಯುವ ಮೊದಲು ಈ ಸ್ಟೆಬಿಲೈಜರ್ ನೋಡಬೇಕು.

ಒಂದೇ ಮುಳ್ಳು ಕೆಟ್ಟಿದ್ದರೆ ಪರೀಕ್ಷೆ ಸುಲಭ. ಸೆನ್ಸರಿನ ವೈರು ಬಿಚ್ಚಿ ಒಂದೆರಡು ಕ್ಷಣ ಚಾಸಿಸಿಗೆ ತಾಗಿಸಬೇಕು. ಮುಳ್ಳು ಒಂದು ತುದಿಯತ್ತ ಹೊರಟರೆ ಗೇಜೂ ವೈರೂ ಚೆನ್ನಾಗಿವೆ, ಕೆಟ್ಟದ್ದು ಸೆನ್ಸರ್. ಹೆಚ್ಚು ಹೊತ್ತು ಹಿಡಿದರೆ ಗೇಜ್ ಒಳಗಿನ ತಂತಿ ಸುಟ್ಟೀತು, ಎಚ್ಚರ. ಗೇಜೂ ಟ್ಯಾಂಕಿನ ಯೂನಿಟ್ಟೂ ಜೋಡಿಯಾಗಿ ಹೊಂದಬೇಕೆಂಬುದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವಾಗಲೂ ಮರೆಯುವಂತಿಲ್ಲ. ಯುರೋಪಿನ ವಿಡಿಒ ಮಾದರಿ ಸಾಮಾನ್ಯವಾಗಿ 10ರಿಂದ 180 ಓಮ್, ಅಮೆರಿಕದ ಜನರಲ್ ಮೋಟರ್ಸ್ ಮಾದರಿ 0ಯಿಂದ 90 ಓಮ್. ಒಂದರ ಗೇಜಿಗೆ ಇನ್ನೊಂದರ ಫ್ಲೋಟ್ ಹಾಕಿದರೆ ಎರಡೂ ಹೊಸದಾಗಿದ್ದರೂ ಲೆಕ್ಕ ತಪ್ಪುತ್ತದೆ.

ಒಂಟಿ ವೈರಿನ ಬಿಸಿ ಸೆನ್ಸರಿಗೆ ಅರ್ಥ್ ಸಿಗುವುದು ಅದರ ಮರೆಯ, ಅಂದರೆ ಥ್ರೆಡ್ಡಿನ ಮೂಲಕ. ನೀರು ಸೋರದಿರಲಿ ಎಂದು ಮರೆಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೆ ಅರ್ಥ್ ಕಡಿದು ಮುಳ್ಳು ತಣ್ಣಗೇ ಇರುತ್ತದೆ. ಇದಕ್ಕಿಂತ ಅಪಾಯಕಾರಿ ಸಂಗತಿ ಇನ್ನೊಂದಿದೆ: ಪೈಪು ಒಡೆದು ನೀರೆಲ್ಲ ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತದೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಘಾಟಿ ಏರುವಾಗ ಬಿಸಿ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಸಮಾಧಾನಪಡದೆ ಗಾಡಿ ನಿಲ್ಲಿಸಬೇಕು.

ಅರ್ಥ್ ವಿಚಾರ ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮಲ್ಲಿ ಬಹುಕಾಲ ಕಂಪನಿಗಳು ಮುಂಭಾಗ ಮತ್ತು ಚಾಸಿಸ್ ಮಾತ್ರ ಕೊಡುತ್ತಿದ್ದವು. ಕ್ಯಾಬಿನ್ನನ್ನು ಊರಿನ ಬಾಡಿ ಕಟ್ಟುವವರು ಮರ ಮತ್ತು ತಗಡಿನಲ್ಲಿ ಕಟ್ಟುತ್ತಿದ್ದರು. ಮರದಲ್ಲಿ ವಿದ್ಯುತ್ ಹರಿಯದು. ಮೂಲ ಅರ್ಥ್ ಬೋಲ್ಟಿನ ಮೇಲೆ ಪ್ರತಿ ಬಾರಿ ಬಣ್ಣ ಕೂತಂತೆ ಸಂಪರ್ಕ ಸಡಿಲವಾಗುತ್ತದೆ. ಹೆಡ್‌ಲೈಟ್ ಹಾಕಿದಾಗ ಡೀಸೆಲ್ ಮುಳ್ಳು ಅಲುಗಿದರೆ, ಇಂಡಿಕೇಟರ್ ಜೊತೆ ಬಿಸಿ ಮುಳ್ಳು ಮಿಡಿದರೆ ಗೇಜುಗಳ ತಪ್ಪಿಲ್ಲ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು ಕಟ್ಟಬೇಕು. ಕಾಸು ಖರ್ಚಿಲ್ಲದ ಈ ಕೆಲಸದಿಂದ ಅರ್ಧ ಬೋರ್ಡ್ ಎದ್ದು ಕೂತದ್ದನ್ನು ಕಂಡ ಎಲೆಕ್ಟ್ರಿಷಿಯನ್ನರು ಪ್ರತಿ ಊರಲ್ಲೂ ಇದ್ದಾರೆ.

ಬೋರ್ಡಿನ ಕೆಂಪು ಚಾರ್ಜಿಂಗ್ ದೀಪಕ್ಕೂ ಗೌರವ ಸಲ್ಲಬೇಕು. ಅನೇಕ ಆಲ್ಟರ್ನೇಟರುಗಳಲ್ಲಿ ಕೆಲಸ ಶುರುವಾಗಲು ಬೇಕಾದ ಮೊದಲ ವಿದ್ಯುತ್ ಹೋಗುವುದೇ ಆ ಬಲ್ಬಿನ ಮೂಲಕ. ಬಲ್ಬ್ ಸುಟ್ಟಿದ್ದರೆ ಆಲ್ಟರ್ನೇಟರ್ ಏಳದೆ ಬ್ಯಾಟರಿ ಇಳಿಯಬಹುದು. ಚಂದಕ್ಕೆಂದು ಅಲ್ಲಿ ಎಲ್‌ಇಡಿ ಹಾಕಿದರೂ ಅದೇ ಗತಿ, ಅದು ಸೆಳೆಯುವ ವಿದ್ಯುತ್ ತೀರಾ ಕಡಿಮೆ. ಇನ್ನೂ ಹಳೆಯ ಗಾಡಿಗಳ ಆಮೀಟರಿನಲ್ಲಿ ಚಾರ್ಜಿಂಗ್ ವಿದ್ಯುತ್ತೆಲ್ಲ ನೇರವಾಗಿ ಬೋರ್ಡಿಗೇ ಬಂದು ಹೋಗುತ್ತದೆ. ಅದರ ನಟ್ ಸಡಿಲವಾದರೆ ಕಾದು ವೈರಿಗೆ ಬೆಂಕಿ ಹತ್ತುವ ಭಯವಿದೆ. ಬೋರ್ಡಿಗೆ ಕೈ ಹಾಕುವ ಮೊದಲು ಬ್ಯಾಟರಿ ಕಳಚುವುದು ಇದಕ್ಕೇ.

ಇಂದಿನ ಬೋರ್ಡುಗಳಲ್ಲಿ ಮುಳ್ಳನ್ನು ತಿರುಗಿಸುವುದು ಪುಟ್ಟ ಸ್ಟೆಪ್ಪರ್ ಮೋಟರ್. ಅಮೆರಿಕದಲ್ಲಿ 2003ರಿಂದ 2006ರ ನಡುವಿನ ಷೆವ್ರೊಲೆ ಸಿಲ್ವರಾಡೊ ಪಿಕಪ್‌ಗಳಲ್ಲಿ ಈ ಮೋಟರುಗಳು ಎಷ್ಟು ವ್ಯಾಪಕವಾಗಿ ಕೆಟ್ಟವೆಂದರೆ, ಅವನ್ನು ಬೆಸುಗೆ ಬಿಡಿಸಿ ಬದಲಿಸುವುದೇ ಅಲ್ಲಿ ಒಂದು ಕಸುಬಾಯಿತು. ಹೊಸ ಕಾಲದ್ದೂ ಕೆಡುತ್ತದೆ, ರಿಪೇರಿಯೂ ಆಗುತ್ತದೆ. ಟೆಸ್ಟ್ ಲ್ಯಾಂಪಿನಿಂದ ಮಾತ್ರ ಆಗದು.

ಕೊನೆಗೆ, ಹಳೆಯ ಬೋರ್ಡಿನಲ್ಲಿ ಆಯಿಲ್ ಮತ್ತು ಗಾಳಿಯ ಒತ್ತಡ ತೋರಿಸುವ ಪೈಪಿನ ಗೇಜುಗಳು. ಫ್ರಾನ್ಸಿನ ಯುಜೀನ್ ಬೂರ್ಡೊನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆಯೇ ಇವುಗಳ ಜೀವ. ಒತ್ತಡ ಏರಿದಂತೆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿ ಮುಳ್ಳನ್ನು ತಿರುಗಿಸುತ್ತದೆ. ಏರ್ ಬ್ರೇಕಿನ ಗೇಜಿನಲ್ಲಿ ಎರಡು ಮುಳ್ಳುಗಳಿದ್ದರೆ ಮುಂದಿನ, ಹಿಂದಿನ ಬ್ರೇಕುಗಳ ಗಾಳಿಗೆ ಒಂದೊಂದು. ಪರೀಕ್ಷೆ ಒಂದು ನಿಮಿಷದ್ದು: ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಗಾಳಿ ಪೂರ್ತಿ ಕಟ್ಟಿದ ಮೇಲೆ ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಮುಳ್ಳು ನೋಡುವುದು. ಅಮೆರಿಕದ ಭಾರಿ ವಾಹನ ಚಾಲನಾ ಪರೀಕ್ಷೆಯಲ್ಲಿ ಟ್ರೇಲರ್ ಇಲ್ಲದ ಲಾರಿಗೆ ನಿಮಿಷಕ್ಕೆ 3 ಪಿಎಸ್‌ಐಗಿಂತ, ಅಂದರೆ ಸುಮಾರು 0.2 ಬಾರ್‌ಗಿಂತ ಹೆಚ್ಚು ಇಳಿಯುವಂತಿಲ್ಲ. ಗಾಳಿ 60 ಪಿಎಸ್‌ಐಗಿಂತ ಕೆಳಗಿಳಿದರೆ ಲಾರಿ ಎಚ್ಚರಿಕೆ ಕೊಡಬೇಕೆಂಬ ಕಟ್ಟಳೆಯೂ ಅಲ್ಲಿದೆ. ನಮ್ಮಲ್ಲಿ ಸದ್ದಿನ ಕಿರಿಕಿರಿಗೆ ಬಜರ್ ವೈರನ್ನೇ ಕಿತ್ತಿಡುವವರಿದ್ದಾರೆ. ಲೋಡು ಹೊತ್ತು ಅರಬೈಲ್ ಘಾಟಿಯನ್ನೋ ಶಿರಾಡಿ ಘಾಟಿಯನ್ನೋ ಇಳಿಯುವ ಗಾಡಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 117ನೇ ನಿಯಮ ಸ್ಪೀಡೋಮೀಟರ್ ಇರಬೇಕೆನ್ನುತ್ತದೆ. ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಪ್ರತಿ ವರ್ಷ. ಎಫ್‌ಸಿಗೆಂದು ಬಣ್ಣ, ಬಂಪರ್ ಸರಿಮಾಡಿಸುವ ದಿನಗಳಲ್ಲಿ ಮಾಲೀಕರು ಅರ್ಧ ದಿನವನ್ನು ಮೀಟರ್ ಬೋರ್ಡಿಗೂ ಕೊಡಲಿ. ಮೊದಲು ಗಾಳಿ, ಆಮೇಲೆ ಆಯಿಲ್ ಮತ್ತು ಬಿಸಿ. ಸ್ಪೀಡು, ಡೀಸೆಲ್ ನಂತರದ್ದು. ಗಾಳಿಯ ಮುಳ್ಳು ಏಳದ ಲಾರಿಗೆ ಮಾತ್ರ ಘಾಟಿಯ ಲೋಡು ಹಾಕಬೇಡಿ.