ಬೆಂಕಿ ರೋಗದ ಶಿಲೀಂಧ್ರ ಹೊದ್ದುಕೊಳ್ಳುವ ಮುಸುಕು

ನೋಡನೋಡುತ್ತಿದ್ದಂತೆ ಗದ್ದೆಯನ್ನು ಸುಟ್ಟಂತೆ ಮಾಡುವುದರಿಂದ ನಮ್ಮ ರೈತರು ಭತ್ತದ ಈ ಕಾಯಿಲೆಯನ್ನು ಬೆಂಕಿ ರೋಗ ಎಂದು ಕರೆದರು. ಎಲೆಯ ಮೇಲೆ ವಜ್ರಾಕಾರದ, ನಡುವೆ ಬೂದು ಬಣ್ಣದ ಚುಕ್ಕೆಗಳು ಮೂಡುತ್ತವೆ. ತೆನೆಯ ಕುತ್ತಿಗೆಗೆ ರೋಗ ತಗುಲಿದರೆ ಕಾಳು ಜೊಳ್ಳಾಗುತ್ತದೆ. ಇದಕ್ಕೆ ಕಾರಣ ಮ್ಯಾಗ್ನಪೋರ್ತೆ ಒರೈಜೆ ಎಂಬ ಶಿಲೀಂಧ್ರ. ಚುಕ್ಕೆ ನಮ್ಮ ಕಣ್ಣಿಗೆ ಬೀಳುವ ಕೆಲವು ದಿನಗಳ ಮೊದಲೇ ಅದು ಎಲೆಯೊಳಗೆ ಸೇರಿರುತ್ತದೆ. ಹಾಗಾದರೆ ಅಲ್ಲಿಯವರೆಗೆ ಪೈರು ಸುಮ್ಮನಿದ್ದುದೇಕೆ?

ಪೈರಿಗೂ ತನ್ನದೇ ಆದ ಕಾವಲು ಉಂಟು. ಶಿಲೀಂಧ್ರದ ಪ್ರತಿಯೊಂದು ಜೀವಕೋಶದ ಸುತ್ತ ಗಟ್ಟಿಯಾದ ಕೋಶಭಿತ್ತಿ ಇರುತ್ತದೆ. ಅದರಲ್ಲಿ ಕೈಟಿನ್ ಎಂಬ ವಸ್ತುವಿದೆ. ಏಡಿಯ ಚಿಪ್ಪಿನಲ್ಲಿ, ಕೀಟಗಳ ಹೊರಕವಚದಲ್ಲಿ ಇರುವುದೂ ಇದೇ ಕೈಟಿನ್. ಸಸ್ಯಗಳ ಕೋಶಭಿತ್ತಿಯಲ್ಲಿ ಮಾತ್ರ ಇದು ಇಲ್ಲ. ಆದ್ದರಿಂದ ಕೈಟಿನ್ ಕಂಡರೆ ಹೊರಗಿನವರು ಬಂದಿದ್ದಾರೆಂದೇ ಪೈರಿಗೆ ಅರ್ಥ. ಪೈರು ಕೈಟಿನೇಸ್ ಎಂಬ ಕಿಣ್ವವನ್ನು ಸುರಿಸಿ ಆ ಭಿತ್ತಿಯನ್ನು ತುಂಡರಿಸುತ್ತದೆ. ಆ ತುಣುಕುಗಳನ್ನು ಗುರುತಿಸುವ ಪ್ರೋಟೀನೊಂದು ಭತ್ತದ ಜೀವಕೋಶದ ಮೇಲ್ಮೈಯಲ್ಲಿದೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿಕೊಟ್ಟರು. ತುಣುಕು ಅದಕ್ಕೆ ತಾಗಿದೊಡನೆ ಪೈರು ಎಚ್ಚೆತ್ತು, ಶಿಲೀಂಧ್ರನಾಶಕ ರಾಸಾಯನಿಕಗಳನ್ನು ತಯಾರಿಸತೊಡಗುತ್ತದೆ.

ಇಂತಹ ಕಾವಲನ್ನು ದಾಟಲು ಶಿಲೀಂಧ್ರ ತನ್ನ ಕೋಶಭಿತ್ತಿಯನ್ನೇ ಬದಲಾಯಿಸಿಕೊಳ್ಳುತ್ತದೆ. ಎಲೆಯ ಮೇಲಿನ ಮೇಣದಂತಹ ಪದರದ ಸಂಪರ್ಕವಾದ ಕೂಡಲೇ ಅದು ಆಲ್ಫಾ-1,3-ಗ್ಲೂಕಾನ್ ಎಂಬ ಸಕ್ಕರೆ ಸರಪಳಿಯನ್ನು ನೇಯ್ದು, ಕೈಟಿನ್‌ನ ಮೇಲೆ ಮುಸುಕಿನಂತೆ ಹೊದ್ದುಕೊಳ್ಳುತ್ತದೆ. ಈ ಗ್ಲೂಕಾನನ್ನು ಕತ್ತರಿಸುವ ಕಿಣ್ವ ಭತ್ತದ ಬಳಿ ಇಲ್ಲ. ಹೀಗಾಗಿ ಒಳಗಿನ ಕೈಟಿನ್ ಕಿಣ್ವದ ಕೈಗೆ ಸುಲಭವಾಗಿ ಸಿಗುವುದಿಲ್ಲ. ಅಷ್ಟಾಗಿಯೂ ಕೆಲವು ತುಣುಕುಗಳು ಉದುರಿದರೆ ಅದಕ್ಕೂ ಶಿಲೀಂಧ್ರದ ಬಳಿ ಉಪಾಯವಿದೆ. ಸ್ಲಿಪ್-1 ಎಂಬ ಪ್ರೋಟೀನನ್ನು ಹೊರಬಿಟ್ಟು, ತುಣುಕುಗಳು ಪೈರಿನ ಕಾವಲುಗಾರನನ್ನು ಮುಟ್ಟುವ ಮೊದಲೇ ಅವನ್ನು ಹಿಡಿದುಕೊಳ್ಳುತ್ತದೆ.

ಈ ಮುಸುಕು ಎಷ್ಟು ಮುಖ್ಯ ಎಂಬುದು ಜಪಾನಿನಲ್ಲಿ 2012ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂದಿತು. ಗ್ಲೂಕಾನ್ ತಯಾರಿಸಲಾಗದಂತೆ ಮಾಡಿದ ಶಿಲೀಂಧ್ರವನ್ನು ಎಲೆಯ ಮೇಲೆ ಬಿಟ್ಟಾಗ ಪೈರು ಬೇಗನೆ ಎಚ್ಚೆತ್ತು ಅದನ್ನು ತಡೆಯಿತು. ಬ್ಯಾಕ್ಟೀರಿಯಾದಿಂದ ಪಡೆದ, ಗ್ಲೂಕಾನನ್ನು ಕತ್ತರಿಸುವ ಕಿಣ್ವದ ಜೀನನ್ನು ಭತ್ತಕ್ಕೆ ಸೇರಿಸಿದಾಗ ಆ ಭತ್ತ ಬೆಂಕಿ ರೋಗವನ್ನು ಬಲವಾಗಿ ಎದುರಿಸಿತು. ಅಂದರೆ ಪೈರಿನಲ್ಲಿ ಶಕ್ತಿ ಇದ್ದೇ ಇತ್ತು. ಶತ್ರುವಿನ ಗುರುತು ಸಿಕ್ಕಿರಲಿಲ್ಲ, ಅಷ್ಟೇ.

ಕೋಶಭಿತ್ತಿಯ ಇನ್ನೊಂದು ಮಾರ್ಪಾಡು ರೈತರಿಗೆ ನೇರವಾಗಿ ಸಂಬಂಧಿಸಿದ್ದು. ಎಲೆಯನ್ನು ತೂತು ಮಾಡಲು ಶಿಲೀಂಧ್ರ ಗುಮ್ಮಟದಂತಹ ಒಂದು ಅಂಗವನ್ನು ಬೆಳೆಸಿ, ಅದರ ಭಿತ್ತಿಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಲೇಪ ಕೊಡುತ್ತದೆ. ಇದರಿಂದ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟಿಗೆ ಏರುತ್ತದೆ. ಮೆಲನಿನ್ ತಯಾರಿಕೆಯನ್ನು ತಡೆಯುವ ಔಷಧಿಗಳಿವೆ. ಆದರೆ ಅವು ಶಿಲೀಂಧ್ರ ಎಲೆಯೊಳಗೆ ಹೊಕ್ಕುವ ಮೊದಲು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಗದ್ದೆಯೆಲ್ಲ ಸುಟ್ಟ ಮೇಲೆ ಸಿಂಪಡಿಸಿದರೆ ಆಗಲೇ ಒಳಹೊಕ್ಕ ಶಿಲೀಂಧ್ರವನ್ನು ಹೊರಹಾಕಲಾಗದು.

ಆದ್ದರಿಂದ ಮುನ್ನೆಚ್ಚರಿಕೆಯೇ ಇಲ್ಲಿ ದೊಡ್ಡ ಮದ್ದು. ರೋಗ ನಿರೋಧಕ ತಳಿಯನ್ನು ಆರಿಸಿ, ಬೀಜೋಪಚಾರ ಮಾಡಿ ಬಿತ್ತಬೇಕು. ಹೆಚ್ಚು ಯೂರಿಯಾ ಹಾಕಿದರೆ ಬೆಂಕಿ ರೋಗ ಉಲ್ಬಣಿಸುವುದರಿಂದ ಅದನ್ನು ಶಿಫಾರಸ್ಸಿನ ಪ್ರಮಾಣದಲ್ಲಿಯೇ, ಕಂತುಗಳಲ್ಲಿ ಕೊಡಬೇಕು. ಮೋಡ ಕವಿದು, ಜಡಿಮಳೆ ಹಿಡಿದು, ಎಲೆಯ ಮೇಲೆ ಇಬ್ಬನಿ ಬಹಳ ಹೊತ್ತು ನಿಲ್ಲುವ ದಿನಗಳಲ್ಲಿ ಗದ್ದೆಗೆ ಇಳಿದು ಎಲೆಗಳನ್ನು ನೋಡುತ್ತಿರಬೇಕು. ಮೊದಲ ಚುಕ್ಕೆ ಕಂಡ ದಿನವೇ ಕೃಷಿ ಅಧಿಕಾರಿಗಳ ಸಲಹೆ ಪಡೆದರೆ ಉಳಿದ ಪೈರನ್ನು ಕಾಪಾಡಿಕೊಳ್ಳಬಹುದು. ಮುಸುಕು ಹೊದ್ದು ಬರುವ ಶತ್ರುವನ್ನು ಪೈರು ಗುರುತಿಸಲಾರದಾದಾಗ ಗುರುತಿಸಬೇಕಾದವರು ನಾವೇ.