ಬೆಟ್ಟಕ್ಕೆ ಒಂದು ತಾಸು, ವಿಮಾನಕ್ಕೆ ಅರ್ಧ ತಾಸು

ಜಾನ್ಸ್ ಕ್ರೀಕ್‌ನಲ್ಲಿ ಬೆಟ್ಟವಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಅಟ್ಲಾಂಟಾ ನಗರದ ಈಶಾನ್ಯಕ್ಕೆ, ಚಟ್ಟಹೂಚಿ ನದಿಯ ಬಲದಂಡೆಯಲ್ಲಿ ಹರಡಿಕೊಂಡಿರುವ ಈ ಊರಿಗೆ ಮೊದಲ ಸಲ ಬಂದವರ ಕಣ್ಣಿಗೆ ಬೀಳುವುದು ಓಕ್, ಪೈನ್ ಮರಗಳ ಮರೆಯ ಬಡಾವಣೆಗಳು, ಗಾಲ್ಫ್ ಮೈದಾನಗಳು, ದೊಡ್ಡ ದೊಡ್ಡ ಶಾಲೆಗಳು, ಆಫೀಸು ಕಟ್ಟಡಗಳು. ಇದಕ್ಕೆ ನಗರಾಡಳಿತ ಬಂದದ್ದೇ 2006ರ ಡಿಸೆಂಬರ್‌ನಲ್ಲಿ. 2020ರ ಜನಗಣತಿಯಂತೆ ಜನಸಂಖ್ಯೆ 82,453. ಹತ್ತರಲ್ಲಿ ಸುಮಾರು ಮೂವರು ಏಷ್ಯಾ ಮೂಲದವರು. ಆದರೂ ಬೆಟ್ಟ, ಸೈಕಲ್ಲು, ವಿಮಾನ ಈ ಮೂರನ್ನೂ ಹಚ್ಚಿಕೊಂಡ ಕನ್ನಡಿಗರು ಅಮೆರಿಕದ ಈ ಭಾಗದಲ್ಲಿ ಎಲ್ಲಿ ಮನೆ ಮಾಡೋಣ ಎಂದು ಕೇಳಿದರೆ ನಾನು ಮೊದಲು ಹೇಳುವುದು ಈ ಊರಿನ ಹೆಸರನ್ನೇ.

ಬೆಂಗಳೂರಿನ ಹಾಗೆ ಇಲ್ಲಿಗೂ ಜನರನ್ನು ಎಳೆದು ತಂದದ್ದು ತಂತ್ರಜ್ಞಾನದ ಕೆಲಸ. 1981ರಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಓದಿದ ಕೆಲವರು ಮೆಕ್‌ಗಿನಿಸ್ ಫೆರಿ ರಸ್ತೆ ಮತ್ತು ಮೆಡ್ಲಾಕ್ ಬ್ರಿಜ್ ರಸ್ತೆಯ ಹತ್ತಿರ 1,700 ಎಕರೆ ಹೊಲ, ಕಾಡು ಕೊಂಡು ಕಂಪನಿಗಳಿಗೆಂದು ಒಂದು ದೊಡ್ಡ ಆವರಣ ಮಾಡಿದರು. ಅದರ ಸುತ್ತ ಬಡಾವಣೆಗಳು ಬೆಳೆದವು. ಕನ್ನಡಿಗರು ಅಟ್ಲಾಂಟಾಕ್ಕೆ ಅದಕ್ಕೂ ಮೊದಲೇ ಬಂದಿದ್ದರು. ನೃಪತುಂಗ ಕನ್ನಡ ಕೂಟ 1973ರದ್ದು. 2012ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನವೂ ಅಟ್ಲಾಂಟಾದಲ್ಲೇ ನಡೆಯಿತು. ಇಂದು ಯುಗಾದಿ, ಗಣೇಶ, ರಾಜ್ಯೋತ್ಸವ ಯಾವುದಕ್ಕೂ ಇಲ್ಲಿ ಜನರ ಕೊರತೆಯಿಲ್ಲ.

ಕೊರತೆ ಇರುವುದು ಬೇರೆ ಕಡೆ. ಊರಿನ ಪಶ್ಚಿಮಕ್ಕೆ ಜಾರ್ಜಿಯಾ 400 ಎಂಬ ಹೆದ್ದಾರಿ ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ನಮ್ಮವರ ಓಡಾಟವೆಲ್ಲ ಬಹುಪಾಲು ದಕ್ಷಿಣಕ್ಕೆ: ಆಫೀಸಿಗೆ, ನಗರಕ್ಕೆ, ಊರಿಗೆ ಹೋಗುವ ವಿಮಾನ ಹತ್ತಲಿಕ್ಕೆ. ಉತ್ತರಕ್ಕೆ ಹೋಗುವುದು ವರ್ಷಕ್ಕೊಮ್ಮೆ, ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ತಿರುಗಿದಾಗ, ಫೋಟೊ ತೆಗೆಸಿಕೊಳ್ಳಲು. ಹತ್ತು ಹದಿನೈದು ವರ್ಷ ಇಲ್ಲಿದ್ದವರೂ ತಮ್ಮ ಮನೆ ಹಿಂದಿನ ನದಿ ಎಲ್ಲಿಂದ ಬರುತ್ತದೆಂದು ನೋಡಿರುವುದಿಲ್ಲ. ನನಗೆ ಇದು ನಿಜವಾಗಿಯೂ ಬೇಸರದ ಸಂಗತಿ, ಏಕೆಂದರೆ ಆ ನದಿಯ ಬೆನ್ನು ಹತ್ತಿ ಹೋದರೆ ಈ ನಾಡು ಬೇರೆಯದೇ ಆಗಿ ಕಾಣುತ್ತದೆ.

ನದಿಯಿಂದಲೇ ಶುರು ಮಾಡಬಹುದು. ಊರಿನ ದೊಡ್ಡ ರಸ್ತೆಗಳ ಹೆಸರು ಗಮನಿಸಿ: ಮೆಕ್‌ಗಿನಿಸ್ ಫೆರಿ, ಮೆಡ್ಲಾಕ್ ಬ್ರಿಜ್, ಅಬಟ್ಸ್ ಬ್ರಿಜ್. ಎಲ್ಲವೂ ಹಿಂದೆ ದೋಣಿ ಕಡವಿಗೋ ಸೇತುವೆಗೋ ಹೋಗುತ್ತಿದ್ದ ದಾರಿಗಳು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚಟ್ಟಹೂಚಿಯೇ ಗಡಿ. ಆ ದಡದಲ್ಲಿ ಜಾರ್ಜಿಯಾದ ಬಿಳಿಯ ವಲಸಿಗರು, ಈ ದಡದಲ್ಲಿ ಚೆರೋಕಿ ಜನ. ಚೆರೋಕಿ ಹೆಣ್ಣನ್ನು ಮದುವೆಯಾಗಿ ಇಲ್ಲಿ ನೆಲೆನಿಂತ ಜಾನ್ ರೋಜರ್ಸ್‌ನ ಮನೆತನದಿಂದ ಹೊಳೆಗೆ ಹೆಸರು ಬಂತು, ಹೊಳೆಯ ಹೆಸರು ಊರಿಗೆ ಬಂತು. ಈಗ ಕಾಲಿ ಕ್ರೀಕ್ ಪಾರ್ಕ್ ಎಂಬ ಸುಮಾರು 200 ಎಕರೆಯ ಹೊಸ ಉದ್ಯಾನ ನದಿ ಪಕ್ಕದಲ್ಲಿದೆ. ಅದರೊಳಗಿನ ದಾರಿ ಹಿಡಿದು ಸೈಕಲ್ ತುಳಿದರೆ ರೋಜರ್ಸ್ ಬ್ರಿಜ್. ಹಳೆಯ ಕಬ್ಬಿಣದ ಸೇತುವೆ ತೆಗೆದು ಅದೇ ರೂಪದಲ್ಲಿ ಕಟ್ಟಿದ ಹೊಸ ಸೇತುವೆ ಇದು, ಕಾರಿಗೆ ಪ್ರವೇಶವಿಲ್ಲ. ದಾಟಿದರೆ ಡುಲೂತ್ ಊರು. ಹಿಂದೆ ಎರಡು ನಾಡುಗಳ ಗಡಿಯಾಗಿದ್ದ ನೀರನ್ನು ಮಕ್ಕಳು ಪುಟ್ಟ ಸೈಕಲ್ಲಿನಲ್ಲಿ ಒಂದು ನಿಮಿಷಕ್ಕೆ ದಾಟುತ್ತಾರೆ. ಮೇಲುಗಡೆಯ ಬ್ಯೂಫೋರ್ಡ್ ಅಣೆಕಟ್ಟೆ ಜಲಾಶಯದ ತಳದ ನೀರನ್ನು ಬಿಡುವುದರಿಂದ ಕಡು ಬೇಸಿಗೆಯಲ್ಲೂ ಹೊಳೆ ಕೊರೆಯುತ್ತದೆ. ಜುಲೈ ಬೆಳಗ್ಗೆ ಸೇತುವೆ ಮೇಲೆ ನಿಂತರೆ ಮುಖಕ್ಕೆ ತಂಪು, ಬೆನ್ನಿಗೆ ಸೆಕೆ.

ಇನ್ನು ಬೆಟ್ಟ. ನಂದಿಬೆಟ್ಟದ ಎತ್ತರ 1,478 ಮೀಟರ್. ಜಾರ್ಜಿಯಾ ರಾಜ್ಯದಲ್ಲೇ ಅತಿ ಎತ್ತರದ ಶಿಖರವಾದ ಬ್ರಾಸ್‌ಟೌನ್ ಬಾಲ್ಡ್ 1,458 ಮೀಟರ್. ಮುಳ್ಳಯ್ಯನಗಿರಿಯ ಪಕ್ಕದಲ್ಲಿ ನಿಲ್ಲಿಸಿದರೆ ಎರಡೂ ಗಿಡ್ಡವೇ. ಹಾಗೆಂದು ನಂದಿ ಹತ್ತಿದ ಧೈರ್ಯದಲ್ಲಿ ಇಲ್ಲಿಗೆ ಬಂದರೆ ತೊಡೆ ಮಾತಾಡುತ್ತದೆ. ಬೆಂಗಳೂರು ಕೂತಿರುವುದೇ 900 ಮೀಟರ್ ಎತ್ತರದಲ್ಲಿ. ಈ ಬೆಟ್ಟಗಳ ಬುಡದ ಡಲಾನೆಗಾ ಪಟ್ಟಣ ಅದರ ಅರ್ಧದಷ್ಟೂ ಎತ್ತರದಲ್ಲಿಲ್ಲ. ಸಾಲದ್ದಕ್ಕೆ ಇಲ್ಲಿ ಒಂದು ಬೆಟ್ಟ ಹತ್ತಿ ಇಳಿದು ಮನೆಗೆ ಬರುವುದಲ್ಲ. ಒಂದರ ಹಿಂದೆ ಒಂದು ಸಾಲುಗಟ್ಟಿವೆ, ಎರಡು ಬೆಟ್ಟಗಳ ನಡುವೆ ರಸ್ತೆ ಏರಿ ದಾಟುವ ಜಾಗಕ್ಕೆ ಇಲ್ಲಿನವರು ಗ್ಯಾಪ್ ಎನ್ನುತ್ತಾರೆ. ಡಲಾನೆಗಾದಿಂದ ಹೊರಟು ನೀಲ್ಸ್, ಜ್ಯಾಕ್ಸ್, ಯುನಿಕಾಯ್, ಹಾಗ್‌ಪೆನ್, ವುಲ್ಫ್‌ಪೆನ್, ವುಡಿ ಎಂಬ ಆರು ಗ್ಯಾಪ್‌ಗಳನ್ನು ಸುತ್ತಿ ಮತ್ತೆ ಅಲ್ಲಿಗೇ ಬರುವ ಸುಮಾರು ನೂರು ಮೈಲಿಯ ಹಾದಿ ಅಮೆರಿಕದ ಸೈಕಲ್ ಸವಾರರ ನಡುವೆ ಹೆಸರುವಾಸಿ. ಒಟ್ಟು ಏರು ಹನ್ನೊಂದು ಸಾವಿರ ಅಡಿಗೂ ಮಿಕ್ಕಿ. ಪ್ರತಿವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಸಿಕ್ಸ್ ಗ್ಯಾಪ್ ಸೆಂಚುರಿ ಹೆಸರಿನಲ್ಲಿ ಸಾವಿರಾರು ಮಂದಿ ಒಟ್ಟಿಗೆ ಇದನ್ನು ತುಳಿಯುತ್ತಾರೆ.

ಜಾನ್ಸ್ ಕ್ರೀಕ್‌ನಿಂದ ಡಲಾನೆಗಾಕ್ಕೆ ಕಾರಿನಲ್ಲಿ ಒಂದು ತಾಸಿನ ದಾರಿ. ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು, ಜೇಬಿನಲ್ಲಿ ಕಡಲೆ ಚಿಕ್ಕಿ ಹಾಕಿಕೊಂಡು ಕತ್ತಲಿರುವಾಗಲೇ ಹೊರಡುವುದು ನನ್ನ ರೂಢಿ. ಅಂಗಡಿಯಲ್ಲಿ ಸಿಗುವ ಬಣ್ಣದ ಕಾಗದದ ತಿನಿಸುಗಳಿಗಿಂತ ಮೂರನೇ ಏರಿನಲ್ಲಿ ಬೆಲ್ಲ, ಕಡಲೆಬೀಜ ಕೈಹಿಡಿಯುತ್ತವೆ. ಮಾರ್ಚ್ ಕೊನೆ, ಏಪ್ರಿಲ್ ಆದರೆ ಪೈನ್ ಮರದ ಪರಾಗ ರಸ್ತೆ, ಕಾರು, ಚೈನು ಎಲ್ಲದರ ಮೇಲೂ ಅರಿಸಿನ ಚೆಲ್ಲಿದಂತೆ ಕೂತಿರುತ್ತದೆ. ಎಣ್ಣೆ ಹಾಕಿದ ಚೈನಿಗೆ ಅದು ಮೆತ್ತಿಕೊಂಡರೆ ಗೇರು ಬದಲಿಸುವಾಗಲೆಲ್ಲ ಕರಕರ ಸದ್ದು. ಹೊರಡುವ ಮುನ್ನ ಬಟ್ಟೆಯಲ್ಲಿ ಒರೆಸಿಕೊಳ್ಳದೆ ಗತಿಯಿಲ್ಲ.

ನೀಲ್ಸ್ ಗ್ಯಾಪ್‌ನ ನೆತ್ತಿಯಲ್ಲಿ 1930ರ ದಶಕದ ಒಂದು ಕಲ್ಲಿನ ಕಟ್ಟಡವಿದೆ, ಹೆಸರು ವಲಾಸಿ ಯಿ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಸುಮಾರು 2,190 ಮೈಲಿ ಸಾಗುವ ಅಪಲೇಚಿಯನ್ ಕಾಲುದಾರಿ ಈ ಕಟ್ಟಡದ ಕಮಾನಿನೊಳಗಿಂದಲೇ ಹಾದುಹೋಗುತ್ತದೆ. ಒಳಗೊಂದು ಅಂಗಡಿ. ಅದರ ಚಾವಣಿಯಿಂದ ಹಳೆಯ ಬೂಟುಗಳು ಜೋಡಿ ಜೋಡಿಯಾಗಿ ನೇತಾಡುತ್ತವೆ; ಕೆಲವಕ್ಕೆ ಅಟ್ಟೆ ಕಿತ್ತು ಬಾಯಿ ಬಿಟ್ಟಿದೆ, ಕೆಲವಕ್ಕೆ ಕೆಮ್ಮಣ್ಣು ಹಾಗೇ ಅಂಟಿದೆ. ಸ್ಪ್ರಿಂಗರ್‌ನಿಂದ ಮೂವತ್ತು ಮೈಲಿ ನಡೆದು ಇಲ್ಲಿ ತಲುಪುವ ಹೊತ್ತಿಗೆ ಕೆಲವರ ಪ್ರಯಾಣ ಮುಗಿದೇ ಹೋಗಿರುತ್ತದೆ. ಮುಂದೆ ಹೋಗುವವರ ಚೀಲವನ್ನು ಅಂಗಡಿಯವರು ಬಿಚ್ಚಿಸಿ, ಬೇಡದ ಭಾರವನ್ನೆಲ್ಲ ತೆಗೆಸಿ, ಮನೆಗೆ ಪಾರ್ಸೆಲ್ ಕಳಿಸಲು ನೆರವಾಗುತ್ತಾರೆ. ಬೆವರಿಳಿಸುತ್ತ ಬಂದ ಸೈಕಲ್ ಸವಾರರೂ ಆರು ತಿಂಗಳ ನಡಿಗೆಗೆ ಹೊರಟ ಪಾದಚಾರಿಗಳೂ ಒಂದೇ ಕಟ್ಟೆಯ ಮೇಲೆ ಕೂತು ನೀರು ಕುಡಿಯುವ ಇಂಥ ಜಾಗ ನಾನು ಬೇರೆಲ್ಲೂ ನೋಡಿಲ್ಲ.

ಆರರಲ್ಲಿ ಕಠಿಣವಾದದ್ದು ಹಾಗ್‌ಪೆನ್. ಏಳು ಮೈಲಿ ಏರು, ಕೆಲವು ಕಡೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಹದಿನೈದು ಅಡಿ ಮೇಲಕ್ಕೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಬ್ರೇಕಿನ ಮೇಲೆ ನಂಬಿಕೆ ಇಲ್ಲದವರು ಹೋಗಲೇಬಾರದು. ನನ್ನ ಮೆಚ್ಚಿನದು ಯುನಿಕಾಯ್. ಈ ಭಾಗದ ಕಾಡಿನಲ್ಲೇ ಚಟ್ಟಹೂಚಿ ಹುಟ್ಟುವುದು. ಗ್ಯಾಪ್ ದಾಟಿ ಹೆಲೆನ್ ಕಡೆಗೆ ಇಳಿಯುವಾಗ ರಸ್ತೆ ಪಕ್ಕದಲ್ಲಿ ಕಲ್ಲುಗಳ ನಡುವೆ ನುಸುಳುವ ಸಣ್ಣ ತೊರೆ ಸೇರುವುದೂ ಅದನ್ನೇ. ನದಿ ಮುಂದೆ ಹೆಲೆನ್ ಪಟ್ಟಣ, ಲೇನಿಯರ್ ಜಲಾಶಯ, ಬ್ಯೂಫೋರ್ಡ್ ಅಣೆಕಟ್ಟೆ ದಾಟಿ ಜಾನ್ಸ್ ಕ್ರೀಕ್ ಮುಟ್ಟುತ್ತದೆ, ಆಮೇಲೆ ಅಟ್ಲಾಂಟಾದ ನಲ್ಲಿಗಳಿಗೆ. ಕಾರಿನಲ್ಲಿ ಹೋದವರಿಗೆ ಈ ತೊರೆಯ ಸದ್ದು ಕೇಳಿಸದು. ಸೈಕಲ್ಲಿನಲ್ಲಿ ಹೋದವರಿಗೆ ಮನೆಯ ಹತ್ತಿರದ ಹೊಳೆಯ ಮೂಲ ಎಲ್ಲಿದೆ, ನೆಲ ಯಾವ ಕಡೆಗೆ ಇಳಿಯುತ್ತದೆ ಎಂಬುದು ಕಾಲಿಗೇ ಗೊತ್ತಾಗಿಬಿಡುತ್ತದೆ.

ಈ ನೆಲದ ಕಥೆ ಸುಲಭದ್ದಲ್ಲ. ಡಲಾನೆಗಾ ಸುತ್ತ 1829ರ ಹೊತ್ತಿಗೆ ಚಿನ್ನಕ್ಕಾಗಿ ಜನ ಮುಗಿಬಿದ್ದರು. 1838ರಲ್ಲಿ ಸರ್ಕಾರ ಅಲ್ಲಿ ಟಂಕಸಾಲೆ ತೆರೆದು ಚಿನ್ನದ ನಾಣ್ಯ ಅಚ್ಚು ಹಾಕತೊಡಗಿತು. ಅದೇ 1838ರಲ್ಲಿ ಚೆರೋಕಿ ಜನರನ್ನು ಸೈನಿಕರು ಮನೆಗಳಿಂದ ಎಬ್ಬಿಸಿ, ಇಂದಿನ ಒಕ್ಲಹೋಮಾದ ಕಡೆಗೆ ನಡೆಸಿದರು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಪಟ್ಟಣದ ಚೌಕದಲ್ಲಿರುವ ಹಳೆಯ ಕೋರ್ಟ್ ಕಟ್ಟಡ ಈಗ ಚಿನ್ನದ ಮ್ಯೂಸಿಯಂ. ಸವಾರಿ ಮುಗಿಸಿ ಕಾಫಿಗೆಂದು ಆ ಚೌಕಕ್ಕೆ ಹೋದವರು ಒಳಗೂ ಹೋಗಿ ಬರಬೇಕು. ನಾವು ಮನೆ ಕೊಂಡು, ಹುಲ್ಲು ಕತ್ತರಿಸುವ ಜಾಗವೂ ಅದೇ ಜನರದ್ದಾಗಿತ್ತು.

ಬೆಟ್ಟ ಉತ್ತರಕ್ಕಾದರೆ ವಿಮಾನ ದಕ್ಷಿಣಕ್ಕೆ. ನಾನು ಬೆಂಗಳೂರಿನಲ್ಲಿ ಎಚ್‌ಎಎಲ್ ಕಡೆ ಬೆಳೆದವನು; ಹಳೆಯ ವಿಮಾನ ನಿಲ್ದಾಣದ ಬೇಲಿಗೆ ಸೈಕಲ್ ಒರಗಿಸಿ ನಿಲ್ಲುವುದು ನಮ್ಮ ಸಂಜೆಯ ಕೆಲಸವಾಗಿತ್ತು. ಹಾಗೆ ನಿಂತು ನೋಡಲು ಇಲ್ಲಿ ಅಚ್ಚುಕಟ್ಟಾದ ಜಾಗವೇ ಇದೆ. ಚಾಂಬ್ಲಿಯ ಡಿಕಾಲ್ಬ್ ಪೀಚ್‌ಟ್ರೀ ವಿಮಾನ ನಿಲ್ದಾಣ, ಎಲ್ಲರ ಬಾಯಲ್ಲಿ ಪಿಡಿಕೆ, ಮನೆಯಿಂದ ಅರ್ಧ ತಾಸು. ಮೊದಲ ಮಹಾಯುದ್ಧದಲ್ಲಿ ಸೈನಿಕರ ತರಬೇತಿ ಶಿಬಿರ, ಎರಡನೆಯದರಲ್ಲಿ ನೌಕಾಪಡೆಯ ವಿಮಾನ ನೆಲೆಯಾಗಿದ್ದ ಜಾಗ ಇದು; ಈಗ ಖಾಸಗಿ ಜೆಟ್‌ಗಳು, ಕಲಿಯುವವರ ಸಣ್ಣ ವಿಮಾನಗಳು. ರನ್‌ವೇ ಪಕ್ಕದಲ್ಲೇ ಮಕ್ಕಳ ಉದ್ಯಾನ, ನೋಡಲು ಅಟ್ಟಣಿಗೆ, ಕಂಟ್ರೋಲ್ ಟವರ್ ಮಾತುಕತೆ ಕೇಳಿಸುವ ಸ್ಪೀಕರ್. ಊರಿನಿಂದ ಬಂದು ಆರು ತಿಂಗಳು ಮನೆಯೊಳಗೇ ಕೂತು ಬೇಸತ್ತ ಅಪ್ಪ ಅಮ್ಮಂದಿರನ್ನು ಇಲ್ಲಿಗೆ ಕರೆತನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊಮ್ಮಕ್ಕಳು ಜಾರುಬಂಡೆಯಲ್ಲಿ, ಅಜ್ಜ ಬೆಂಚಿನ ಮೇಲೆ. ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯದು.

ಪಿಡಿಕೆಗೂ ಸೈಕಲ್ಲಿಗೂ ಒಂದು ನಂಟಿದೆ. ಜಾನ್ಸ್ ಕ್ರೀಕ್‌ನ ಪೂರ್ವಕ್ಕಿರುವ ಆಥೆನ್ಸ್ ಪಟ್ಟಣದಲ್ಲಿ ಬೆನ್ ಎಪ್ಸ್ ಎಂಬ ಯುವಕ ಸೈಕಲ್, ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. 1907ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಮೋಟಾರ್‌ಸೈಕಲ್ ಎಂಜಿನ್ ಕೂರಿಸಿ ಅಲ್ಲೇ ಒಂದು ವಿಮಾನ ಕಟ್ಟಿ ನಿಲ್ಲಿಸಿದ. ಜಾರ್ಜಿಯಾದ ಮೊದಲ ವಿಮಾನ ಚಾಲಕನೆಂದು ಅವನನ್ನು ನೆನೆಯುತ್ತಾರೆ. ಆಥೆನ್ಸ್ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು. 1937ರಲ್ಲಿ ವಿಮಾನ ಅಪಘಾತದಲ್ಲೇ ತೀರಿಕೊಂಡ. ಅವನ ಮಗ ಪ್ಯಾಟ್ ಎಪ್ಸ್ 1965ರಲ್ಲಿ ಪಿಡಿಕೆಯಲ್ಲಿ ವಿಮಾನ ಸೇವೆಯ ಕಂಪನಿ ಶುರು ಮಾಡಿದರು. 1942ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದ ಮೇಲೆ ಇಳಿದು ಹುದುಗಿಹೋಗಿದ್ದ ಪಿ-38 ಯುದ್ಧವಿಮಾನವನ್ನು 1992ರಲ್ಲಿ 268 ಅಡಿ ಮಂಜುಗಡ್ಡೆಯ ಕೆಳಗಿನಿಂದ ಬಿಡಿಬಿಡಿಯಾಗಿ ಎತ್ತಿಸಿದ ತಂಡದ ಮುಂದಾಳುಗಳಲ್ಲಿ ಅವರೂ ಒಬ್ಬರು.

ರೈಟ್ ಸಹೋದರರೂ ಸೈಕಲ್ ಅಂಗಡಿಯವರೇ. 1903ರ ಡಿಸೆಂಬರ್ 17ರಂದು ಉತ್ತರ ಕೆರೊಲಿನಾದ ಕಡಲತೀರದಲ್ಲಿ ಹಾರಿದ ಅವರ ವಿಮಾನದಲ್ಲಿ ಎಂಜಿನ್ನಿನ ಬಲ ಪ್ರೊಪೆಲ್ಲರ್‌ಗೆ ಹೋದದ್ದು ಚೈನು, ಹಲ್ಲುಚಕ್ರಗಳ ಮೂಲಕ. 1979ರಲ್ಲಿ ಬ್ರಯಾನ್ ಅಲನ್ ಎಂಬ ಸೈಕಲ್ ಸವಾರ ಎಂಜಿನ್ನೇ ಇಲ್ಲದ ವಿಮಾನವನ್ನು ಪೆಡಲ್ ತುಳಿದು ಹಾರಿಸಿ ಇಂಗ್ಲಿಷ್ ಕಾಲುವೆ ದಾಟಿದ. ಆ ಗಾಸಮರ್ ಆಲ್ಬಟ್ರಾಸ್ ವಾಷಿಂಗ್ಟನ್ ಬಳಿಯ ಉದ್ವಾರ್ ಹೇಜಿ ಕೇಂದ್ರದಲ್ಲಿದೆ. ಹಾಗ್‌ಪೆನ್ ಏರು ಹತ್ತಿದವರು ಅದರ ಮುಂದೆ ನಿಂತರೆ ಅವನು ಪಟ್ಟ ಶ್ರಮ ಚೆನ್ನಾಗಿ ಅರ್ಥವಾಗುತ್ತದೆ.

ಅಟ್ಲಾಂಟಾದ ದೊಡ್ಡ ನಿಲ್ದಾಣ ಹಾರ್ಟ್ಸ್‌ಫೀಲ್ಡ್ ಜ್ಯಾಕ್ಸನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1925ರಲ್ಲಿ ಪಾಳುಬಿದ್ದ ಕಾರು ರೇಸಿನ ಮೈದಾನದಲ್ಲಿ ಶುರುವಾಗಿ, ಈಗ ವರ್ಷಕ್ಕೆ ಹತ್ತು ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ಕಾಣುವ, ಜಗತ್ತಿನ ಅತಿ ದಟ್ಟಣೆಯ ನಿಲ್ದಾಣ. ಅದರ ಪಕ್ಕದ ಡೆಲ್ಟಾ ಮ್ಯೂಸಿಯಂ ಮಾತ್ರ ತಪ್ಪಿಸಬಾರದು. ಹತ್ತಿ ಹೊಲಕ್ಕೆ ಕೀಟನಾಶಕ ಚೆಲ್ಲುವ ಕಂಪನಿಯಾಗಿ ಹುಟ್ಟಿದ ಡೆಲ್ಟಾ ಕಷ್ಟದಲ್ಲಿದ್ದಾಗ, 1982ರಲ್ಲಿ, ನೌಕರರೂ ನಿವೃತ್ತರೂ ವಂತಿಗೆ ಎತ್ತಿ ಕಂಪನಿಗೊಂದು ಬೋಯಿಂಗ್ 767 ಕೊಡಿಸಿದರು. ಆ ವಿಮಾನ ಅಲ್ಲಿದೆ. ಮರಿಯೆಟಾದ ಲಾಕ್‌ಹೀಡ್ ಕಾರ್ಖಾನೆಯೂ ನಮಗೆ ಪರಕೀಯವಲ್ಲ: 2013ರ ಆಗಸ್ಟ್‌ನಲ್ಲಿ ಲಡಾಖ್‌ನ ದೌಲತ್ ಬೇಗ್ ಓಲ್ಡಿಯಲ್ಲಿ, 16,000 ಅಡಿಗೂ ಎತ್ತರದ ಮಣ್ಣಿನ ಪಟ್ಟಿಯ ಮೇಲೆ ಭಾರತೀಯ ವಾಯುಪಡೆ ಇಳಿಸಿದ ಸಿ-130ಜೆ ವಿಮಾನ ತಯಾರಾದದ್ದು ಅಲ್ಲಿ.

ಹೊಸದಾಗಿ ಬಂದವರಿಗೆ ಎರಡು ಮಾತು. ಮೆಡ್ಲಾಕ್ ಬ್ರಿಜ್‌ನಂಥ ದೊಡ್ಡ ರಸ್ತೆಗಳಲ್ಲಿ ಸೈಕಲ್ ತುಳಿಯಬೇಡಿ; ದಾಟುವ ವಾಹನ ಮೂರು ಅಡಿ ಅಂತರ ಬಿಡಬೇಕೆಂದು ಜಾರ್ಜಿಯಾದ ಕಾನೂನು ಹೇಳಿದರೂ ಬೆಳಗಿನ ಆಫೀಸು ಹೊತ್ತಿನಲ್ಲಿ ಅದನ್ನು ನಂಬಿ ಹೋಗುವುದು ಬೇಡ. ಮೊದಲ ಕೆಲವು ವಾರ ಕಾಲಿ ಕ್ರೀಕ್ ಸುತ್ತಿ, ಆಮೇಲೆ ಆಲ್ಫರೆಟಾದ ಬಿಗ್ ಕ್ರೀಕ್ ಗ್ರೀನ್‌ವೇ. ಬೆಟ್ಟಕ್ಕೆ ಹೋಗುವಾಗ ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರ ಹಾಕಿಸಿ. ಆರು ಗ್ಯಾಪ್ ಒಮ್ಮೆಲೇ ಬೇಡ. ಸಿಕ್ಸ್ ಗ್ಯಾಪ್ ಸವಾರಿಯ ದಿನವೇ ನೀಲ್ಸ್, ವುಲ್ಫ್‌ಪೆನ್, ವುಡಿ ಮಾತ್ರ ಹತ್ತುವ ಐವತ್ತು ಚಿಲ್ಲರೆ ಮೈಲಿಯ ಥ್ರೀ ಗ್ಯಾಪ್ ಸವಾರಿಯೂ ಇರುತ್ತದೆ. ಜೂನ್‌ನಲ್ಲಿ ಅಭ್ಯಾಸ ಶುರು ಮಾಡಿದರೆ ಸೆಪ್ಟೆಂಬರ್‌ಗೆ ಕಾಲು ಪಳಗಿರುತ್ತದೆ.